ಪಿಂಚಣಿ: ದಾನವೋ, ಋಣವೋ?

೨೦೨೫ನೆಯ ನವಂಬರ್ ತಿಂಗಳಿನ ಒಂದು ಮಧ್ಯಾಹ್ನ ಎಂಬತ್ತೆರಡು ವರ್ಷದ ವೃದ್ಧರೊಬ್ಬರು ನಮ್ಮ ಕಾರ್ಯಾಲಯದ ಮೆಟ್ಟಲೇರಿ ಬಂದು, ತಾವು ಇನ್ನೂ ಬದುಕಿರುವುದಕ್ಕೆ ಪತ್ರಿಕೆಯವರು ಸಾಕ್ಷಿ ನುಡಿಯಬಹುದೇ ಎಂದು ಕೇಳಿದರು. ವಿನೋದದ ಮಾತೆಂದು ನಾವು ನಕ್ಕೆವು, ಅವರು ನಗಲಿಲ್ಲ. ಅಂಚೆಯ ಇಲಾಖೆಯಲ್ಲಿ ನಲವತ್ತು ವರ್ಷ ದುಡಿದು ೨೦೦೩ರಲ್ಲಿ ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದ ಈ ಮಹನೀಯರ ಬೆರಳಿನ ರೇಖೆಗಳನ್ನು ಯಂತ್ರವು ಗುರುತಿಸಲೊಲ್ಲದು. ಮೂರು ದಿನ ಮೂರು ಬಾಗಿಲುಗಳಿಗೆ ಅಲೆದಿದ್ದರು. ಒಂದು ಕಡೆ ಯಂತ್ರ ಕೆಟ್ಟು ಕುಳಿತಿತ್ತು; ಇನ್ನೊಂದು ಕಡೆ ಪಿಂಚಣಿದಾರರ ಕಿಟಕಿಯನ್ನೇ ಎತ್ತಿಬಿಟ್ಟಿದ್ದರು; ಮೂರನೆಯ ಕಡೆಯಲ್ಲಿದ್ದ ತರುಣನು “ಮೊಬೈಲಿನಲ್ಲಿ ಮುಖ ತೋರಿಸಿದರೆ ಆಯಿತು, ತಾತ” ಎಂದು ಹೇಳಿ ಮುಂದಿನವರನ್ನು ಕರೆದನು. ಜೀವಮಾನವೆಲ್ಲ ಕಾಗದಗಳಿಗೆ ಮುದ್ರೆಯೊತ್ತಿ ಸವೆದ ಬೆರಳು ಸ್ವಾಮಿ, ಇದಕ್ಕೆ ಈಗ ರೇಖೆ ಎಲ್ಲಿಂದ ತರಲಿ, ಎಂದರು ಅವರು.

ಜೀವಂತವಾಗಿರುವ ಬಗ್ಗೆ ವರ್ಷಕ್ಕೊಮ್ಮೆ ಪ್ರಮಾಣ ಸಲ್ಲಿಸಬೇಕೆಂಬ ಕಟ್ಟಳೆ ಹಳೆಯದು, ನ್ಯಾಯವಾದುದು. ಸತ್ತವರ ಹೆಸರಿನಲ್ಲಿ ಬೊಕ್ಕಸದ ಹಣ ಸೋರಬಾರದೆಂಬುದನ್ನು ಯಾರೂ ಒಪ್ಪತಕ್ಕದ್ದೇ. ಈ ಪ್ರಮಾಣವನ್ನು ಯಂತ್ರದ ಮೂಲಕ ಸಲ್ಲಿಸುವ ‘ಜೀವನ್ ಪ್ರಮಾಣ್’ ಎಂಬ ಏರ್ಪಾಡು ೨೦೧೪ರ ನವಂಬರಿನಲ್ಲಿ ಆರಂಭವಾಯಿತು. ಬೆರಳಿಗೆ ಬದಲಾಗಿ ಮುಖವನ್ನೇ ಗುರುತಿಸುವ ಉಪಾಯವು ೨೦೨೧ರಲ್ಲಿ ಬಂದಿತು. ಎಂಬತ್ತು ದಾಟಿದವರು ಒಂದು ತಿಂಗಳು ಮುಂಚಿತವಾಗಿ, ಅಕ್ಟೋಬರ್ ಮೊದಲನೆಯ ತಾರೀಖಿನಿಂದಲೇ ಸಲ್ಲಿಸಬಹುದು. ಅಂಚೆಯವನು ಅಲ್ಪ ಶುಲ್ಕಕ್ಕೆ ಮನೆಯ ಬಾಗಿಲಿಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಉಂಟು. ಹಾಸಿಗೆ ಹಿಡಿದವರಿಗೂ, ದೂರದೇಶದಲ್ಲಿ ಮಕ್ಕಳೊಡನೆ ಇರುವವರಿಗೂ ಇವುಗಳಿಂದ ಆಗಿರುವ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಹೊಸ ದಾರಿ ತೆರೆದುದಕ್ಕಾಗಿ ಹಳೆಯ ದಾರಿಗೆ ಮುಳ್ಳು ಹಚ್ಚಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಕಾಗದದ ಮೇಲೆ ಬರೆದುಕೊಡುವ ಪ್ರಮಾಣಪತ್ರಕ್ಕೆ ನಿಯಮದಲ್ಲಿ ಇನ್ನೂ ಅವಕಾಶವಿದೆ. ಇಲ್ಲದಿರುವುದು ಅದನ್ನು ಕೈಗೆ ತೆಗೆದುಕೊಳ್ಳುವ ಮನುಷ್ಯ.

ಇದೇ ನಿಜವಾದ ಕಡಿತ. ಆಯವ್ಯಯದ ಪುಸ್ತಕದಲ್ಲಿ ಇದು ಯಾವ ಬಾಬಿನಲ್ಲಿಯೂ ಕಾಣಬರುವುದಿಲ್ಲ. ಹಿಂದೆ ಪಿಂಚಣಿಯ ಆಜ್ಞಾಪತ್ರವು ಎರಡು ಅರ್ಧಗಳಾಗಿ ಇರುತ್ತಿತ್ತು. ಒಂದು ಅರ್ಧ ಪಿಂಚಣಿದಾರನ ಪೆಟ್ಟಿಗೆಯಲ್ಲಿ, ಇನ್ನೊಂದು ಹಣ ಕೊಡುವ ಅಧಿಕಾರಿಯ ಬೀರುವಿನಲ್ಲಿ. ತಪ್ಪಾದರೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿ ಸರಿಪಡಿಸುತ್ತಿದ್ದರು. ಈಗ ಬ್ಯಾಂಕುಗಳವರು ಲೆಕ್ಕವನ್ನೆಲ್ಲ ದೂರದ ನಗರಗಳಲ್ಲಿರುವ ಕೇಂದ್ರಗಳಿಗೆ ಒಯ್ದಿದ್ದಾರೆ. ಊರಿನ ಶಾಖೆಯವರು “ನಮ್ಮ ಕೈಯಲ್ಲಿ ಏನೂ ಇಲ್ಲ” ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಕೇಂದ್ರದವರಿಗೆ ಮುಖವಿಲ್ಲ.

ನಮ್ಮ ಪೋಸ್ಟ್‌ಮಾಸ್ಟರರ ಮುಖ್ಯ ಚಿಂತೆ ಬೆರಳಿನದಲ್ಲವೆಂಬುದು ಮಾತಾಡುತ್ತ ಆಡುತ್ತ ಹೊರಬಿತ್ತು. ಅವರ ಆಜ್ಞಾಪತ್ರದಲ್ಲಿ ಹೆಂಡತಿಯ ಹೆಸರಿದೆ, ಜನ್ಮದಿನಾಂಕವಿಲ್ಲ. ಹಳೆಯ ಪತ್ರಗಳಲ್ಲಿ ಇಂಥ ಲೋಪ ಅನೇಕ. ಕೇಂದ್ರಸರ್ಕಾರದ ನಿಯಮದಂತೆ ಎಂಬತ್ತು ತುಂಬಿದವರಿಗೆ ಮೂಲಪಿಂಚಣಿಯ ನೂರಕ್ಕೆ ಇಪ್ಪತ್ತು, ಎಂಬತ್ತೈದಕ್ಕೆ ಮೂವತ್ತು, ತೊಂಬತ್ತಕ್ಕೆ ನಲವತ್ತು, ಹೀಗೆ ಏರುತ್ತ ನೂರು ವರ್ಷ ತುಂಬಿದವರಿಗೆ ಪಿಂಚಣಿಯಷ್ಟೇ ಮೊತ್ತ ಅಧಿಕವಾಗಿ ಸಲ್ಲತಕ್ಕದ್ದು. ಕುಟುಂಬಪಿಂಚಣಿಗೂ ಈ ನಿಯಮ ಅನ್ವಯಿಸುತ್ತದೆ. ಆದರೆ ವಿಧವೆಯ ವಯಸ್ಸೇ ದಾಖಲೆಯಲ್ಲಿಲ್ಲದಿದ್ದರೆ ಯಂತ್ರಕ್ಕೆ ಆಕೆ ಎಂದಿಗೂ ಎಂಬತ್ತು ಮುಟ್ಟಳು. ಸಾಮಾನ್ಯ ಕುಟುಂಬಪಿಂಚಣಿಯೆಂದರೆ ಕಡೆಯ ಸಂಬಳದ ನೂರಕ್ಕೆ ಮೂವತ್ತು ಪಾಲು. ಅದರಲ್ಲಿ ಔಷಧಿಗೆ ಹೋಗಿ ಅಕ್ಕಿಗೆ ಉಳಿಯುವುದೆಷ್ಟು? ತಿದ್ದುಪಡಿಗಾಗಿ ಅವರು ನಾಲ್ಕು ಸಲ ಅರ್ಜಿ ಕಳುಹಿಸಿದ್ದಾರೆ. “ನಾನು ಹೋದ ಮೇಲೆ ಅವಳು ಈ ಬಾಗಿಲುಗಳನ್ನು ಸುತ್ತಬಲ್ಲಳೇ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇಷ್ಟು ಚಿಕ್ಕ ತೊಂದರೆಗೆ ಇಷ್ಟು ದೊಡ್ಡ ಭೀತಿಯೇಕೆಂದು ಕಚೇರಿಗಳಲ್ಲಿರುವ ನಮ್ಮ ವಾಚಕರು ಕೇಳಬಹುದು. ಕಾರಣವು ೨೦೨೫ರ ಮಾರ್ಚಿ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಹಣಕಾಸಿನ ಶಾಸನದಲ್ಲಿದೆ. ತೆರಿಗೆಯ ವಿಚಾರಗಳ ನಡುವೆ, ಪಿಂಚಣಿದಾರರಲ್ಲಿ ಭೇದಮಾಡುವ ಅಧಿಕಾರವು ಕೇಂದ್ರಸರ್ಕಾರಕ್ಕೆ ಉಂಟೆಂದೂ, ನಿವೃತ್ತಿಯ ದಿನಾಂಕವು ಆ ಭೇದಕ್ಕೆ ಆಧಾರವಾಗಬಹುದೆಂದೂ, ಇದು ೧೯೭೨ರ ಜೂನ್ ಒಂದರಿಂದಲೇ ಇದ್ದಂತೆ ಭಾವಿಸತಕ್ಕದ್ದೆಂದೂ ಒಂದು ಭಾಗವನ್ನು ಸೇರಿಸಲಾಯಿತು. ಐವತ್ತುಮೂರು ವರ್ಷ ಹಿಂದಕ್ಕೆ ನಡೆದ ಶಾಸನ! ಈಗಿರುವ ಪಿಂಚಣಿಯಲ್ಲಿ ಏನೂ ವ್ಯತ್ಯಾಸವಾಗದೆಂದೂ, ಏಳನೆಯ ವೇತನ ಆಯೋಗದ ಶಿಫಾರಸಿನಂತೆ ಹಳಬರಿಗೂ ಹೊಸಬರಿಗೂ ಸಮಾನತೆ ಕಲ್ಪಿಸಿದವರು ತಾವೇ ಎಂದೂ ಹಣಕಾಸಿನ ಮಂತ್ರಿಣಿ ನಿರ್ಮಲಾ ಸೀತಾರಾಮನ್ ಅವರು ರಾಜ್ಯಸಭೆಯಲ್ಲಿ ಸ್ಪಷ್ಟಪಡಿಸಿದರು. ಮಂತ್ರಿಗಳ ಮಾತನ್ನು ನಾವು ಶಂಕಿಸುವುದಿಲ್ಲ. ಆದರೆ ಮಂತ್ರಿಗಳ ಮಾತು ಮಂತ್ರಿಗಳಿರುವ ತನಕ. ಶಾಸನವು ಅವರ ತರುವಾಯವೂ ಉಳಿಯತಕ್ಕದ್ದು. ಉಪಯೋಗಿಸುವ ಇಚ್ಛೆಯಿಲ್ಲದ ಆಯುಧವನ್ನು ಸಾಣೆ ಹಿಡಿಸಿ ಇಟ್ಟುಕೊಳ್ಳುವುದೇಕೆ?

ಈ ಆಯುಧವು ಯಾವ ತತ್ತ್ವದ ಮೇಲೆ ಎತ್ತಲ್ಪಟ್ಟಿದೆಯೆಂಬುದನ್ನು ತರುಣ ವಾಚಕರು ತಿಳಿಯಬೇಕು. ಪರರ ಆಳ್ವಿಕೆಯಲ್ಲಿ ಪಿಂಚಣಿಯು ಪ್ರಭುವಿನ ಕೃಪೆಯಾಗಿತ್ತು. ೧೮೭೧ರ ಪಿಂಚಣಿ ಶಾಸನವು ಈ ವಿಷಯದಲ್ಲಿ ಸಿವಿಲ್ ನ್ಯಾಯಾಲಯಗಳಿಗೆ ದಾವೆ ತರುವುದನ್ನೇ ತಡೆದಿತ್ತು. ಸಾಲಗಾರರು ಪಿಂಚಣಿಯನ್ನು ಜಪ್ತಿ ಮಾಡಿಸಬಾರದೆಂಬ ಒಳ್ಳೆಯ ವಿಧಿಯೂ ಅದರಲ್ಲಿಯೇ ಇದ್ದಿತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು ೧೯೭೧ರಲ್ಲಿ, ಬಿಹಾರದ ದೇವಕೀನಂದನ ಪ್ರಸಾದರ ಮೊಕದ್ದಮೆಯಲ್ಲಿ, ಪಿಂಚಣಿಯು ಕೃಪೆಯಲ್ಲ, ಹಕ್ಕು ಎಂದು ಸಾರಿತು. ಅನಂತರ ಬಂದುದು ಡಿ. ಎಸ್. ನಕಾರ ಎಂಬ ನಿವೃತ್ತ ಅಧಿಕಾರಿಯ ಮೊಕದ್ದಮೆ. ೧೯೭೯ರ ಮೇ ೨೫ರಂದು ಸರ್ಕಾರವು ಪಿಂಚಣಿಯ ಲೆಕ್ಕವನ್ನು ಉದಾರಗೊಳಿಸಿ, ಅದನ್ನು ಆ ವರ್ಷದ ಮಾರ್ಚಿ ೩೧ರಂದು ಅಥವಾ ಅನಂತರ ನಿವೃತ್ತರಾದವರಿಗೆ ಮಾತ್ರ ಕೊಟ್ಟಿತು. ಒಂದು ದಿನ ಮುಂಚೆ ಮನೆಗೆ ಹೋದವನಿಗೆ ಹಳೆಯ ಲೆಕ್ಕ, ಒಂದು ದಿನ ತಡೆದು ಹೋದವನಿಗೆ ಹೊಸದು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ಅಧ್ಯಕ್ಷತೆಯ ಐವರ ಪೀಠವು ೧೯೮೨ರ ಡಿಸೆಂಬರ್ ೧೭ರಂದು ಈ ಭೇದವನ್ನು ತೊಡೆದುಹಾಕಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಡಿ. ಎ. ದೇಸಾಯಿ. ಆ ದಿನವನ್ನು ನಿವೃತ್ತರು ವರ್ಷವರ್ಷವೂ ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ. ತರುವಾಯದ ಕೆಲವು ತೀರ್ಪುಗಳು ಈ ತತ್ತ್ವದ ವ್ಯಾಪ್ತಿಯನ್ನು ಕಿರಿದುಮಾಡಿದ್ದುಂಟು, ತತ್ತ್ವವನ್ನು ಕಿತ್ತುಹಾಕಲಿಲ್ಲ. ಈಗ ಶಾಸನವೇ ದಿನಾಂಕದ ಗೆರೆಯನ್ನು ಮತ್ತೆ ಎಳೆಯಲು ಅಧಿಕಾರ ಕೊಟ್ಟಿದೆ.

ಇದರ ಮೇಲೆ ಎಂಟನೆಯ ವೇತನ ಆಯೋಗ ಬಂದಿತು. ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಅಧ್ಯಕ್ಷತೆಯ ಈ ಆಯೋಗದ ಕಾರ್ಯವ್ಯಾಪ್ತಿಯನ್ನು ೨೦೨೫ರ ಅಕ್ಟೋಬರ್ ಕಡೆಯಲ್ಲಿ ಮಂತ್ರಿಮಂಡಲವು ಒಪ್ಪಿತು. ನೌಕರರ ವಂತಿಗೆಯಿಲ್ಲದ ಪಿಂಚಣಿಗಳ ಹೊರೆಯನ್ನು ಆಯೋಗವು ಗಮನದಲ್ಲಿಡತಕ್ಕದ್ದೆಂಬ ಮಾತು ಅದರಲ್ಲಿದೆ. ಹಳೆಯ ಪಿಂಚಣಿದಾರರ ಪರಿಷ್ಕರಣದ ಮಾತು ಸ್ಪಷ್ಟವಾಗಿಲ್ಲವೆಂದು ನಿವೃತ್ತರ ಸಂಘಗಳು ಕೂಗಿದ ಮೇಲೆ, ಪಿಂಚಣಿಯ ಬಗ್ಗೆಯೂ ಆಯೋಗವು ಶಿಫಾರಸು ಮಾಡುವುದೆಂದು ಡಿಸೆಂಬರಿನಲ್ಲಿ ಸಂಸತ್ತಿಗೆ ಉತ್ತರ ಬಂದಿತು. ಮೊದಲೇ ಒಂದು ಪಂಕ್ತಿ ಬರೆದಿದ್ದರೆ ಅರುವತ್ತು ಲಕ್ಷಕ್ಕೂ ಮಿಕ್ಕ ಮನೆಗಳ ನಿದ್ರೆ ಉಳಿಯುತ್ತಿತ್ತು.

ಬೊಕ್ಕಸದವರ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಜನರ ಆಯುಸ್ಸು ಬೆಳೆದಿದೆ, ಹೊರೆ ಬೆಳೆದಿದೆ. ಆದರೆ ಈ ಹೊರೆಗೆ ಮಿತಿ ಹಾಕುವ ಕೆಲಸ ಆಗಿಹೋಗಿದೆ: ೨೦೦೪ರ ಜನವರಿಯಿಂದ ಕೇಂದ್ರದಲ್ಲಿಯೂ, ೨೦೦೬ರ ಏಪ್ರಿಲಿನಿಂದ ಕರ್ನಾಟಕದಲ್ಲಿಯೂ ಹೊಸದಾಗಿ ಸೇರಿದವರು ತಮ್ಮ ಸಂಬಳದಿಂದಲೇ ವಂತಿಗೆ ಕಟ್ಟತಕ್ಕವರಾದರು. ಹಳೆಯ ನಿಯಮದ ಪಿಂಚಣಿದಾರರ ಸಂಖ್ಯೆ ಕಾಲಕ್ರಮದಲ್ಲಿ ತಾನಾಗಿಯೇ ಮುಗಿಯತಕ್ಕದ್ದು. ಮುಗಿಯಲಿರುವ ದೀಪದ ಎಣ್ಣೆಯನ್ನು ಅಳೆಯುವುದು ಮನೆತನಸ್ಥರ ಲಕ್ಷಣವಲ್ಲ.

ಅದೂ ಅಲ್ಲದೆ, ಈ ವೃದ್ಧರು ಕಷ್ಟಕಾಲದಲ್ಲಿ ತಮ್ಮ ಪಾಲನ್ನು ಬಿಟ್ಟುಕೊಟ್ಟಿದ್ದಾರೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ತುಟ್ಟಿಪರಿಹಾರದ ಮೂರು ಕಂತುಗಳನ್ನು ತಡೆಹಿಡಿಯಲಾಯಿತು. ೨೦೨೧ರ ಜುಲೈ ಒಂದರಿಂದ ದರವನ್ನು ನೂರಕ್ಕೆ ೧೭ರಿಂದ ೨೮ಕ್ಕೆ ಏರಿಸಿದರೂ ಹದಿನೆಂಟು ತಿಂಗಳ ಬಾಕಿಯನ್ನು ಕೊಡಲಿಲ್ಲ. ನೌಕರರದೂ ಪಿಂಚಣಿದಾರರದೂ ಸೇರಿ ಹೀಗೆ ಉಳಿದುದು ₹೩೪,೪೦೨ ಕೋಟಿಯೆಂದು ಸರ್ಕಾರದವರೇ ಸಂಸತ್ತಿಗೆ ತಿಳಿಸಿದರು. ದೇಶದ ಆಪತ್ತಿಗೆಂದು ಹಿರಿಯರು ತಾಳಿಕೊಂಡರು. ರೈಲಿನಲ್ಲಿ ವೃದ್ಧರಿಗಿದ್ದ ರಿಯಾಯಿತಿಯನ್ನು ಅದೇ ವರ್ಷದ ಮಾರ್ಚಿಯಲ್ಲಿ ನಿಲ್ಲಿಸಿದರು. ಮಹಾಮಾರಿ ಹೋಗಿ ರೈಲುಗಳು ತುಂಬಿ ಓಡತೊಡಗಿದ ಮೇಲೂ ೨೦೨೫ರ ಕೊನೆಯವರೆಗೆ ಅದು ಹಿಂದಿರುಗಲಿಲ್ಲ. ತಾತ್ಕಾಲಿಕವೆಂದು ಆರಂಭವಾದ ಕಡಿತವು ಹೇಗೆ ಖಾಯಂ ಆಗುವುದೆಂಬುದನ್ನು ಇದರಿಂದ ಕಲಿತ ವೃದ್ಧರು ಪ್ರತಿಯೊಂದು ಸುತ್ತೋಲೆಯನ್ನೂ ಎರಡು ಸಲ ಓದಿದರೆ ಅದು ಅವರ ತಪ್ಪೇ?

ದಾದಾಭಾಯಿ ನವರೋಜಿಯವರು ೧೯೦೧ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಭಾರತದ ಸಂಪತ್ತು ಹೇಗೆ ಹೊರಗೆ ಹರಿಯುತ್ತಿದೆಯೆಂದು ಲೆಕ್ಕ ತೋರಿಸಿದರು. ಇಲ್ಲಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಅಧಿಕಾರಿಗಳ ಪಿಂಚಣಿಯೂ ಆ ಹರಿವಿನಲ್ಲಿ ಸೇರಿತ್ತು. ನಮ್ಮ ರೈತನ ಕಂದಾಯ ಅಲ್ಲಿನ ಅಂಗಡಿಗಳಲ್ಲಿ ವೆಚ್ಚವಾಗುತ್ತಿತ್ತು. ಇಂದು ಪಿಂಚಣಿಯ ಹಣ ಎಲ್ಲಿ ಹೋಗುತ್ತದೆ? ಊರಿನ ದಿನಸಿ ಅಂಗಡಿಗೆ, ಔಷಧಿಯ ಅಂಗಡಿಗೆ, ಮೊಮ್ಮಗಳ ಕಾಲೇಜಿನ ಶುಲ್ಕಕ್ಕೆ. ಸಣ್ಣ ಪಟ್ಟಣಗಳಲ್ಲಿ ತಿಂಗಳ ಮೊದಲ ವಾರದ ವ್ಯಾಪಾರ ಯಾರಿಂದ ನಡೆಯುವುದೆಂದು ವರ್ತಕರನ್ನೇ ಕೇಳಿ ನೋಡಬಹುದು.

ನೇಗಿಲು ಹಿಡಿದವನಿಗೆ ಇಲ್ಲದ ಪಿಂಚಣಿ ಲೇಖನಿ ಹಿಡಿದವನಿಗೇಕೆ ಎಂಬ ಆಕ್ಷೇಪವನ್ನೂ ನಾವು ಕೇಳಿದ್ದೇವೆ. ಅದರಲ್ಲಿ ಸತ್ಯಾಂಶವಿದೆ, ಮತ್ತು ಅದು ನಾಚಿಕೆಪಡತಕ್ಕ ಸತ್ಯ. ಬಡ ವೃದ್ಧರ ಪಿಂಚಣಿಗೆಂದು ಕೇಂದ್ರವು ಕೊಡುತ್ತ ಬಂದ ಪಾಲು, ಎಂಬತ್ತರ ಒಳಗಿನವರಿಗೆ, ತಿಂಗಳಿಗೆ ಇನ್ನೂರು ರೂಪಾಯಿ. ಕಾರ್ಖಾನೆಗಳಲ್ಲಿ ದುಡಿದವರಿಗೆ ೧೯೯೫ರ ಯೋಜನೆಯ ಕನಿಷ್ಠ ಪಿಂಚಣಿಯನ್ನು ೨೦೧೪ರಲ್ಲಿ ಸಾವಿರ ರೂಪಾಯಿಯೆಂದು ಗೊತ್ತುಮಾಡಿದವರು ಮುಂದಿನ ಹತ್ತು ವರ್ಷ ಅದನ್ನು ಮುಟ್ಟಲಿಲ್ಲ. ಆದರೆ ಒಬ್ಬನ ತಟ್ಟೆಯಿಂದ ತೆಗೆದುದು ಇನ್ನೊಬ್ಬನ ತಟ್ಟೆಗೆ ಬಿದ್ದುದನ್ನು ನಾವು ಈವರೆಗೆ ಕಂಡಿಲ್ಲ.

ಸರ್ಕಾರದವರ ಲಕ್ಷ್ಯಕ್ಕೆ ನಾವು ತರಬಯಸುವುದು ಇಷ್ಟೆ. ನಿವೃತ್ತಿಯ ದಿನಾಂಕವನ್ನು ಹಿಡಿದು ಭೇದಮಾಡುವ ಅಧಿಕಾರವನ್ನು ಶಾಸನದಿಂದಲೇ ಹಿಂತೆಗೆದುಕೊಳ್ಳಲಿ. ಬಾಯಿಮಾತಿನ ಭರವಸೆ ಸಾಲದು. ಪಿಂಚಣಿ ಕೊಡುವ ಪ್ರತಿಯೊಂದು ಬ್ಯಾಂಕಿನವರೂ ತಾಲ್ಲೂಕಿಗೆ ಒಂದಾದರೂ ಕಿಟಕಿಯಲ್ಲಿ, ನವಂಬರ್ ತಿಂಗಳಲ್ಲಾದರೂ, ತಿದ್ದುಪಡಿಯ ಅಧಿಕಾರವುಳ್ಳ ಒಬ್ಬ ನೌಕರನನ್ನು ಕೂರಿಸಲಿ. ಹಳೆಯ ಆಜ್ಞಾಪತ್ರಗಳಲ್ಲಿ ಬಿಟ್ಟುಹೋದ ಹೆಂಡತಿಯರ ಜನ್ಮದಿನಾಂಕಗಳನ್ನು, ಗಂಡಂದಿರು ಬದುಕಿರುವಾಗಲೇ, ಇಲಾಖೆಯವರು ತಾವಾಗಿ ಬರೆಯಿಸಿಕೊಳ್ಳಲಿ. ಇದಕ್ಕೆ ಕೋಟಿಗಳು ಬೇಡ, ಒಂದು ಸುತ್ತೋಲೆ ಸಾಕು.

ಪೋಸ್ಟ್‌ಮಾಸ್ಟರರ ಕೆಲಸ ಅಂದು ಅರ್ಧ ಆಯಿತು. ನಮ್ಮ ಕಂಪೋಸಿಂಗ್ ವಿಭಾಗದ ಹುಡುಗನು ಕಿಟಕಿಯ ಬೆಳಕಿಗೆ ಅವರನ್ನು ಕೂರಿಸಿ, ಕನ್ನಡಕ ತೆಗೆಸಿ, ಐದನೆಯ ಪ್ರಯತ್ನಕ್ಕೆ ಮೊಬೈಲಿನಿಂದ ಅವರು ಜೀವಂತರೆಂದು ಒಪ್ಪಿಸಿದನು. ಹೆಂಡತಿಯ ಜನ್ಮದಿನಾಂಕದ ಅರ್ಜಿಯನ್ನು ಐದನೆಯ ಸಲ ಬರೆದು, ರಿಜಿಸ್ಟರ್ ಮಾಡಿಸಿ ಕಳುಹಿಸಬೇಕೆಂದು ಅಂಚೆಯ ಮನೆಗೆ ಹೋದರೆ, ೨೦೨೫ರ ಸೆಪ್ಟೆಂಬರ್ ಒಂದರಿಂದ ಆ ಹೆಸರಿನ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಸೇರಿಸಿಬಿಟ್ಟಿದ್ದಾರೆಂಬುದು ಅವರಿಗೆ ತಿಳಿಯಿತು. ರಶೀದಿಯನ್ನು ನಾಲ್ಕಾಗಿ ಮಡಿಸಿ ಆಜ್ಞಾಪತ್ರದ ಅರ್ಧದೊಡನೆ ಜೇಬಿನಲ್ಲಿಟ್ಟುಕೊಂಡು ಬಸ್ಸಿಗೆ ಹೊರಟರು. ಉತ್ತರ ಬಂದ ದಿನ ವಾಚಕರಿಗೆ ತಿಳಿಸುವೆವು.