4.8 ಅಲ್ಲ ಕಣ್ರೋ, 4.5!
(ಸರ್ವೇಯರ್ ಲೈಸೆನ್ಸ್ ತಯಾರಿ, ಭಾಗ 6)

ಮೊನ್ನೆ ಮಾಕ್ ಟೆಸ್ಟ್‌ನಲ್ಲಿ ಬಂದ ಲೆಕ್ಕ. ಒಂದು ತುಂಡು ಜಮೀನು. ಬೇಸ್ ಲೈನ್ ಮೇಲೆ ಉದ್ದ 4 ಚೈನು 8 ಆಣೆ. ಒಂದು ತುದಿಯ ಆಫ್‌ಸೆಟ್ 2 ಚೈನು 4 ಆಣೆ, ಇನ್ನೊಂದು ತುದಿಯದು 3 ಚೈನು 12 ಆಣೆ. ವಿಸ್ತೀರ್ಣ ಎಷ್ಟು?

ನಾನು ಕ್ಯಾಲ್ಕುಲೇಟರ್ ತಗೊಂಡು 2.4 + 3.12 ಅಂತ ಒತ್ತಿದೆ. ಎರಡರಿಂದ ಭಾಗಿಸಿ 4.8ರಿಂದ ಗುಣಿಸಿದೆ. 13.248 ಬಂತು. ಆಯ್ಕೆಗಳಲ್ಲಿ '13 ಗುಂಟೆ 4 ಆಣೆ' ಇತ್ತು. ಖುಷಿಯಿಂದ ಟಿಕ್ ಹಾಕಿದೆ. ತಪ್ಪು!

ಯಾಕೆ ಗೊತ್ತಾ? ನಮ್ಮ ಚೈನು 33 ಅಡಿ, ಅದರಲ್ಲಿ ಹತ್ತಲ್ಲ, 16 ಆಣೆ. 8 ಆಣೆ ಅಂದ್ರೆ ಅರ್ಧ ಚೈನು. ಹಾಗಾಗಿ 2.25 + 3.75 = 6, ಅದರ ಅರ್ಧ 3. ಮೂರನ್ನ 4.5ರಿಂದ ಗುಣಿಸಿದ್ರೆ 13.5. ಅಂದ್ರೆ 13 ಗುಂಟೆ 8 ಆಣೆ. ಕ್ಯಾಲ್ಕುಲೇಟರೇ ಬೇಕಾಗಿರಲಿಲ್ಲ.

ವ್ಯತ್ಯಾಸ ಬರೀ ನಾಲ್ಕಾಣೆ ಅಂತೀರಾ? ಒಂದು ಗುಂಟೆ 1089 ಚದರ ಅಡಿ. ನಾಲ್ಕಾಣೆ ಅಂದ್ರೆ 272 ಚದರ ಅಡಿ. ಎರಡು ಕಾರು ನಿಲ್ಲಿಸೋಷ್ಟು ಜಾಗ. ಪರೀಕ್ಷೇಲಿ ಅದು ಒಂದು ಮಾರ್ಕು. ಊರಲ್ಲಿ ಅದೇ ಅಣ್ಣ ತಮ್ಮ ಮಾತು ಬಿಡೋಕೆ ಸಾಕು.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಕೀ ಆನ್ಸರ್ ಪಿಡಿಎಫ್ ಬಾಯಿಪಾಠ ಮಾಡೋದನ್ನ ನಿಲ್ಲಿಸೋಣ. ದಿನಕ್ಕೆ ಒಂದೇ ಒಂದು ಟಿಪ್ಪಣಿ ತಗೊಂಡು, ಕೈಯಲ್ಲಿ ಸ್ಕೇಲಿಗೆ ನಕ್ಷೆ ಬರೆದು, ತ್ರಿಕೋನ, ಚೌಕ ಬಿಡಿಸಿ, ಮೊತ್ತವನ್ನ ಆಕಾರಬಂದ್ ಜೊತೆ ತಾಳೆ ನೋಡೋಣ. ಐವತ್ತು ಪ್ರಶ್ನೆ ಉರು ಹೊಡೆಯೋದಕ್ಕಿಂತ ಇದು ಮೇಲು.

"ಈಗ ರೋವರ್ ಬಂದಿದೆ, ಆಣೆ ಲೆಕ್ಕ ಯಾರಿಗೆ ಬೇಕು?" ಅಂತ ನಮ್ಮ ಗ್ರೂಪಲ್ಲೇ ಕೇಳಿದ್ರು. ಒಳ್ಳೆ ಪ್ರಶ್ನೆನೇ. ರೋವರ್ ಬೇಗ ಅಳೆಯುತ್ತೆ, ನಿಖರವಾಗಿಯೂ ಅಳೆಯುತ್ತೆ, ಅದನ್ನೂ ಕಲೀಲೇಬೇಕು. ಆದ್ರೆ ಅದು ಹೇಳೋದು ನೀವು ಈಗ ಎಲ್ಲಿ ನಿಂತಿದ್ದೀರಿ ಅಂತ. ಮುತ್ತಾತನ ಕಾಲದ ಬಾಂದು ಕಲ್ಲು ಎಲ್ಲಿತ್ತು ಅಂತ ಹೇಳೋದು ಹಳೇ ಟಿಪ್ಪಣಿ. ಕಲ್ಲು ಕಿತ್ತು ಹೋಗಿದ್ರೆ, ಬದು ಒತ್ತಿದ್ರೆ, ಆ ಚೈನು ಆಣೆಯನ್ನ ಓದೋಕೆ ಬರೋನೇ ಸರ್ವೇಯರ್. ಓದೋಕೆ ಬರದವನ ಕೈಲಿ ರೋವರ್ ಇದ್ರೆ ತಪ್ಪೂ ನಿಖರವಾಗೇ ಆಗುತ್ತೆ, ಅಷ್ಟೇ.

ಲೈಸೆನ್ಸ್ ಸಿಕ್ಕ ಮೇಲೆ ನಾವು ಮಾಡೋ ಕೆಲಸ ನೆನಪಿಸ್ಕೊಳ್ಳಿ. ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದ್ರೆ ನೋಂದಣಿಗೆ ಮುಂಚೆ 11ಇ ನಕ್ಷೆ ಬೇಕು. ಆ ನಕ್ಷೆ ತಯಾರಿಸೋರು ನಾವು. ಮಗಳ ಮದುವೆಗೆ ಅಂತ ಅರ್ಧ ಎಕರೆ ಮಾರೋ ರೈತ ನಮ್ಮ ಲೆಕ್ಕ ಮತ್ತೆ ಹಾಕಿ ನೋಡಲ್ಲ. ನಂಬಿ ಸಹಿ ಹಾಕ್ತಾನೆ.

ಪಾಸಾಗೋಕೆ ಓದೋದು ಬೇರೆ, ಆ ಸಹಿಗೆ ಯೋಗ್ಯರಾಗೋಕೆ ಓದೋದು ಬೇರೆ. ಎರಡನೇದನ್ನ ಓದಿದ್ರೆ ಮೊದಲನೇದಕ್ಕೆ ಬೇರೆ ಓದಬೇಕಾಗಲ್ಲ ಅನ್ನೋದು ನನ್ನ ನಂಬಿಕೆ.

ಇವತ್ತಿನ ಲೆಕ್ಕ: ಉದ್ದ 6 ಚೈನು 4 ಆಣೆ, ಎರಡೂ ಕಡೆ ಆಫ್‌ಸೆಟ್ 2 ಚೈನು 8 ಆಣೆ. ಕ್ಯಾಲ್ಕುಲೇಟರ್ ಮುಟ್ಟದೆ ಉತ್ತರ ಕಾಮೆಂಟ್ ಮಾಡಿ. 15 ಗುಂಟೆ 10 ಆಣೆ ಬಂದ್ರೆ ನೀವು ಸರಿದಾರೀಲಿದ್ದೀರಿ. ಬರದಿದ್ರೆ ಮೇಲಿಂದ ಇನ್ನೊಂದ್ಸಲ ಓದಿ, ನಾಚಿಕೆ ಬೇಡ. ನಾನೂ ಅಲ್ಲಿಂದಾನೇ ಬಂದಿದ್ದು 🙂

#ಸರ್ವೇಯರ್_ತಯಾರಿ #ಚೈನು_ಆಣೆ #ಟಿಪ್ಪಣಿ