'ಪಾವತಿ ಯಶಸ್ವಿ' ಎಂಬ ಸಂದೇಶ ಮಾಯವಾದರೆ ಕಟ್ಟಿದ ಹಣವೂ ಹೋಯಿತೇ?

ಮೊಬೈಲ್‌ನಲ್ಲಿ ಬೆಸ್ಕಾಂ ಬಿಲ್ ಕಟ್ಟುತ್ತೀರಿ. ಬ್ಯಾಂಕಿನ ಪುಟ ಹೋಗಿ ಬೇರೊಂದು ಪುಟ ತಾನಾಗಿಯೇ ತೆರೆದುಕೊಳ್ಳುತ್ತದೆ. ಮೇಲೆ 'ಪಾವತಿ ಯಶಸ್ವಿ' ಎಂದು ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವ ಮೊದಲೇ ಪುಟ ರಿಫ್ರೆಶ್ ಆಗಿ ಸಂದೇಶ ಕಾಣೆ! ಕೆಲವೊಮ್ಮೆ ಸಂದೇಶ ಬರುವುದೇ ಇಲ್ಲ. ಗಾಬರಿಯಾಗಿ ಎರಡನೇ ಸಲ ಹಣ ಕಟ್ಟುವವರಿದ್ದಾರೆ. ಮರಳವಾಡಿಯಲ್ಲಿ ಕೂತು ಕಟ್ಟಿದರೂ, ಬೆಂಗಳೂರಿನಲ್ಲಿ ಕಟ್ಟಿದರೂ ಇದು ಆಗುವುದೇ. ಹಾಗಾದರೆ ಆ ಸಂದೇಶಕ್ಕೆ ಎಷ್ಟು ಬೆಲೆ ಕೊಡಬೇಕು?

ಪುಟ ಏಕೆ ತಾನಾಗಿಯೇ ಬದಲಾಗುತ್ತದೆ?

ನೀವು 'ಸಲ್ಲಿಸು' ಒತ್ತಿದಾಗ ನಿಮ್ಮ ವಿವರ ಸರ್ವರ್‌ಗೆ ಹೋಗುತ್ತದೆ. ಅದೇ ಪುಟದಲ್ಲಿ ಉತ್ತರ ತೋರಿಸಿದರೆ ಒಂದು ತೊಂದರೆ ಇದೆ. ರಿಫ್ರೆಶ್ ಮಾಡಿದಾಗ ಬ್ರೌಸರ್ ಅದೇ ವಿವರವನ್ನು ಇನ್ನೊಮ್ಮೆ ಕಳಿಸಬಹುದು. ಒಂದೇ ಅರ್ಜಿ ಎರಡಾಗಬಹುದು. ಇದನ್ನು ತಪ್ಪಿಸಲು ಸರ್ವರ್ ಕೆಲಸ ಮುಗಿಸಿ, 'ಈಗ ಈ ವಿಳಾಸಕ್ಕೆ ಹೋಗು' ಎಂದು ಬ್ರೌಸರ್‌ಗೆ ಹೇಳುತ್ತದೆ. ಇದೇ ರಿಡೈರೆಕ್ಟ್. ಅಂದರೆ ಪುಟ ಬದಲಾಗುವುದು ನಿಮ್ಮ ರಕ್ಷಣೆಗಾಗಿಯೇ.

ಸಂದೇಶ ಏಕೆ ಮಾಯವಾಗುತ್ತದೆ?

ಹೊಸ ಪುಟಕ್ಕೆ ಹಿಂದೆ ಏನಾಯಿತೆಂಬುದು ತಾನಾಗಿ ಗೊತ್ತಿರುವುದಿಲ್ಲ. ಹಾಗಾಗಿ ಅನೇಕ ವೆಬ್‌ಸೈಟ್‌ಗಳು ಸಂದೇಶವನ್ನು ಸರ್ವರ್‌ನಲ್ಲಿ ಚೀಟಿಯಂತೆ ಬರೆದಿಟ್ಟು, ಹೊಸ ಪುಟ ತೆರೆದಾಗ ಒಮ್ಮೆ ತೋರಿಸಿ ಅಳಿಸಿಬಿಡುತ್ತವೆ. ರಿಫ್ರೆಶ್ ಮಾಡಿದರೆ ಚೀಟಿ ಇರುವುದಿಲ್ಲ. ಆದರೆ ಅಳಿಸಿದ್ದು ಚೀಟಿ ಮಾತ್ರ, ನಿಮ್ಮ ಪಾವತಿಯ ಲೆಕ್ಕವಲ್ಲ. ಲೆಕ್ಕ ಬ್ಯಾಂಕಿನಲ್ಲೂ ಬಿಲ್ ಪಡೆಯುವ ಸಂಸ್ಥೆಯಲ್ಲೂ ಬೇರೆಯಾಗಿಯೇ ಇರುತ್ತದೆ. ಬ್ಯಾಂಕಿನ ಪುಟದಿಂದ ವಾಪಸ್ ಬರುವಾಗ ನೆಟ್‌ವರ್ಕ್ ಕಡಿದರೆ ಸಂದೇಶ ಕಾಣದಿರಬಹುದು, ಆದರೂ ಹಣ ಕಟ್ ಆಗಿರಬಹುದು.

ಹಾಗಾದರೆ ಸಂದೇಶ ಕಂಡರೆ ಸಾಕೇ?

ಸಾಲದು. ತೆರೆಯ ಮೇಲಿನ ಅಕ್ಷರಗಳನ್ನು ಯಾರು ಬೇಕಾದರೂ ಬರೆಯಬಹುದು. ಕೆಲವು ವೆಬ್‌ಸೈಟ್‌ಗಳಲ್ಲಿ ಸಂದೇಶ ವೆಬ್ ವಿಳಾಸದ ಜೊತೆಗೇ ಬರುತ್ತದೆ. ಅಂಥಲ್ಲಿ ವಿಳಾಸ ತಿದ್ದಿದರೆ ಸಂದೇಶವೂ ಬದಲಾಗಬಹುದು. ಫಾರ್ವರ್ಡ್ ಲಿಂಕ್ ಒತ್ತಿದಾಗ ನಾಲ್ಕಾರು ಪುಟ ದಾಟಿಸಿ 'ನಿಮಗೆ ಬಹುಮಾನ ಬಂದಿದೆ', 'ಫೋನಿನಲ್ಲಿ ವೈರಸ್ ಇದೆ' ಎಂದು ತೋರಿಸುವುದೂ ಇಂಥ ಬರಹವೇ. ವೆಬ್‌ಸೈಟ್‌ಗೆ ನಿಮ್ಮ ಫೋನಿನೊಳಗೆ ಇಣುಕಿ ವೈರಸ್ ಹುಡುಕುವ ಶಕ್ತಿ ಇಲ್ಲ. ಅಂಗಡಿಯವರಿಗೆ ನಕಲಿ ಆ್ಯಪ್‌ನಲ್ಲಿ ಹಸಿರು ಟಿಕ್ ತೋರಿಸಿ ಸಾಮಾನು ಒಯ್ಯುವ ಮೋಸಕ್ಕೂ ಇದೇ ನಂಬಿಕೆ ಬಂಡವಾಳ.

ಏನು ನೋಡಬೇಕು?

• ಹಣ ಕಟ್ಟಿದ್ದರೆ: ಬ್ಯಾಂಕ್ ಖಾತೆಯ ವಿವರ ಮತ್ತು ವಹಿವಾಟಿನ ಸಂಖ್ಯೆ. ಹಣ ಪಡೆಯುವವರಾದರೆ ಗಿರಾಕಿಯ ಫೋನನ್ನಲ್ಲ, ನಿಮ್ಮ ಖಾತೆಯನ್ನು ನೋಡಿ.

• ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದರೆ: ಸ್ವೀಕೃತಿ ಸಂಖ್ಯೆ. ಅರ್ಜಿ ಎಲ್ಲಿಗೆ ಬಂದಿದೆ ಎಂಬುದನ್ನು ಅದರಿಂದ ಪರಿಶೀಲಿಸಬಹುದು.

• ಯುಪಿಐನಲ್ಲಿ ಹಣ ಕಟ್ ಆಗಿ ತಲುಪಬೇಕಾದಲ್ಲಿಗೆ ತಲುಪದಿದ್ದರೆ: ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ, ವ್ಯಕ್ತಿಗೆ ಕಳಿಸಿದ ಹಣ ವಹಿವಾಟಿನ ಮಾರನೇ ದಿನದೊಳಗೆ, ವ್ಯಾಪಾರಿಗೆ ಕಳಿಸಿದ ಹಣ 5 ದಿನಗಳೊಳಗೆ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಆದ್ದರಿಂದ ಖಾತೆ ನೋಡದೆ ಎರಡನೇ ಸಲ ಕಟ್ಟಬೇಡಿ.

• ಮೋಸದಿಂದ ಹಣ ಹೋಗಿದ್ದರೆ: ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಒಟ್ಟಿನಲ್ಲಿ: ಸಂದೇಶ ಮಾಯವಾದರೆ ಹಣ ಹೋಯಿತು ಎಂಬುದು ತಪ್ಪು. ಸಂದೇಶ ಬಂದರೆ ಹಣ ಬಂತು ಎಂಬುದೂ ಅಷ್ಟೇ ತಪ್ಪು. ಈ ಎರಡನೆಯದನ್ನು ನಿಮ್ಮೂರಿನ ಅಂಗಡಿಯವರಿಗೆ ತಪ್ಪದೆ ಫಾರ್ವರ್ಡ್ ಮಾಡಿ.