ನಿಂತವರಿಗೊಂದು ಆಸನ



ಶ್ರಾವಣ ಮಾಸ ಬಂದಿತೆಂದರೆ ಜವಳಿ ಅಂಗಡಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಲ್ಲಿಂದ ದೀಪಾವಳಿಯವರೆಗೆ, ಮುಂದೆ ಲಗ್ನಗಳ ಕಾಲದಲ್ಲಿ, ನಮ್ಮ ತಾಯಂದಿರು ಒಂದು ಸೀರೆಗಾಗಿ ಐವತ್ತು ಸೀರೆಗಳನ್ನು ಬಿಚ್ಚಿಸಿ ನೋಡುವುದುಂಟು. ಅವನ್ನೆಲ್ಲ ಮರಳಿ ಮಡಿಸಿಡುವವರು ಎಷ್ಟು ಹೊತ್ತಿನಿಂದ ನಿಂತಿರುವರೆಂದು ವಿಚಾರಿಸುವವರು ವಿರಳ.

ವ್ಯಾಪಾರವೃತ್ತಿಯ ಮನೆತನಗಳು ನಮ್ಮ ಸಮಾಜದಲ್ಲಿ ಅನೇಕ. ಗಾದಿಯ ಮೇಲೆ ಕುಳಿತು ಗಲ್ಲಾ ನೋಡುವವರೂ ನಮ್ಮವರೇ. ಹಳ್ಳಿಗಳಿಂದ ಬಂದು ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರುಗಳ ದೊಡ್ಡ ಮಳಿಗೆಗಳಲ್ಲಿ ನಿಂತು ದುಡಿಯುವ ಮಕ್ಕಳೂ ನಮ್ಮವರೇ. ಇವರಿಬ್ಬರ ನಡುವೆ ಸೂಪರ್‌ವೈಸರನೆಂದು ಕರೆಯಿಸಿಕೊಳ್ಳುವ ಮುಖ್ಯಸ್ಥನೊಬ್ಬನಿರುತ್ತಾನೆ. ಮಾಲೀಕನ ಒಳ್ಳೆಯತನವಾಗಲಿ, ಕಾಠಿಣ್ಯವಾಗಲಿ ಕೆಲಸಗಾರರನ್ನು ಮುಟ್ಟುವುದು ಇವನ ಮುಖಾಂತರವೇ. ಆದುದರಿಂದ ಇವನಿಂದ ಅವರು ಏನನ್ನು ಬಯಸುತ್ತಾರೆಂಬುದನ್ನು ಈ ತಿಂಗಳು ವಿಚಾರಿಸೋಣ.

ಮೊದಲನೆಯ ಬಯಕೆ ಕೇಳಲು ಅತಿ ಸಣ್ಣದು: ಕುಳಿತುಕೊಳ್ಳಲು ಅವಕಾಶ. ದಿನವಿಡೀ ನಿಂತವರಿಗೆ ಕಾಲು ಬಾವು, ಸೊಂಟನೋವು, ನರಗಳು ಉಬ್ಬುವಿಕೆ ಬೆನ್ನು ಹತ್ತುತ್ತವೆ. ಕೇರಳದಲ್ಲಿ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಇದಕ್ಕಾಗಿ ಹೋರಾಟವನ್ನೇ ಹೂಡಬೇಕಾಯಿತು. ಕೋಳಿಕ್ಕೋಡಿನಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದ ಪಿ. ವಿಜಿ ಎಂಬ ಮಹಿಳೆ ಅವರನ್ನು ಸಂಘಟಿಸಿದವರಲ್ಲಿ ಪ್ರಮುಖರು. ಫಲವಾಗಿ 2018ರಲ್ಲಿ ಕೇರಳವು ತನ್ನ ಅಂಗಡಿಗಳ ಕಾಯಿದೆಯನ್ನು ತಿದ್ದಿ ಕುಳಿತುಕೊಳ್ಳುವ ಹಕ್ಕನ್ನು ಕೊಟ್ಟಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು.

ಕಾಯಿದೆಯು ಆಸನವನ್ನು ಇರಿಸಬಲ್ಲದು. "ಗಿರಾಕಿಗಳಿಲ್ಲ, ಸ್ವಲ್ಪ ಕೂತುಕೊಳ್ಳಮ್ಮ" ಎಂಬ ಮಾತನ್ನು ಆಡಿಸಲಾರದು. ಮುಖ್ಯಸ್ಥನ ಕಣ್ಣು ಕೆಂಪಾಗಿದ್ದರೆ ಸ್ಟೂಲು ಇದ್ದೂ ಬರಿದಾಗಿಯೇ ಉಳಿಯುತ್ತದೆ. ನಮ್ಮ ನಾಡಿನ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ಸತತ ಐದು ಗಂಟೆಗಳ ದುಡಿಮೆಯ ಬಳಿಕ ವಿಶ್ರಾಂತಿಯನ್ನೂ, ವಾರಕ್ಕೊಂದು ದಿನದ ರಜೆಯನ್ನೂ ವಿಧಿಸಿತು. ಆದರೆ ಊಟಕ್ಕೆ ಯಾರು ಮೊದಲು ಹೋಗಬೇಕು, ರಜೆ ಯಾವ ದಿನ ಎಂಬುದು ಮುಖ್ಯಸ್ಥನ ಕೈಯಲ್ಲಿದೆ. ಅದನ್ನು ನಾಲ್ಕು ದಿನ ಮುಂಚೆ ತಿಳಿಸಿದರೆ ಒಬ್ಬ ತಾಯಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬಲ್ಲಳು. ಹಿಂದಿನ ರಾತ್ರಿ ತಿಳಿಸಿದರೆ ಆ ರಜೆ ಇದ್ದೂ ಇಲ್ಲದಂತೆ.

ಎರಡನೆಯದು ಮಾನ. ತಪ್ಪಾದಾಗ ತಿದ್ದಬೇಡಿರೆಂದು ಯಾವ ಕೆಲಸಗಾರರೂ ಕೇಳುವುದಿಲ್ಲ. ಗಿರಾಕಿಯ ಎದುರಿನಲ್ಲಿ ಬಯ್ಯಬೇಡಿರೆಂದು ಮಾತ್ರ ಬೇಡುತ್ತಾರೆ. ಗಿರಾಕಿ ಕೂಗಾಡಿದಾಗ ಮುಂದೆ ಬಂದು ಆ ಮಾತನ್ನು ತನ್ನ ಮೇಲೆ ತೆಗೆದುಕೊಂಡು, ಬಳಿಕ ಒಳಗೆ ಕರೆದು ತಿಳಿಯಹೇಳುವವನನ್ನು ಅವರು ವರ್ಷಗಟ್ಟಲೆ ನೆನೆಯುತ್ತಾರೆ.

ಮೂರನೆಯದು ನ್ಯಾಯ. ಮಾರಿದ ಮಾಲಿನ ಮೇಲೆ ಕಮಿಷನ್ ದೊರೆಯುವ ಅಂಗಡಿಗಳಲ್ಲಿ ಒಬ್ಬರು ಒಂದು ಗಂಟೆ ದಣಿದು ಒಪ್ಪಿಸಿದ ವ್ಯಾಪಾರವನ್ನು ತನ್ನ ಹೆಸರಿಗೋ ತನಗೆ ಬೇಕಾದವರ ಹೆಸರಿಗೋ ಬರೆಸಿಕೊಳ್ಳುವ ಮುಖ್ಯಸ್ಥನೂ ಇರಬಹುದು. ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಾಗುತ್ತದೆ. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ತಮ್ಮದಲ್ಲವೆಂದು ಆಕೆ ಹಿಂದಕ್ಕೆ ಕಳುಹಿಸಿದಳು. ಬಿದ್ದ ಅಕ್ಕಿಯಲ್ಲಿಯೇ ಇಷ್ಟು ನಿಷ್ಠೆಯಿರುವಾಗ, ಇನ್ನೊಬ್ಬರ ಬೆವರಿನ ಫಲವನ್ನು ಎತ್ತಿಕೊಳ್ಳುವುದು ಯಾವ ಕಾಯಕವಾದೀತು? ಪತ್ನಿಯ ಮಾತಿಗೆ ಮಾರಯ್ಯನು ಮನ್ನಣೆಯಿತ್ತನೆಂಬುದೂ ಗಮನಾರ್ಹ. ಕೈಕೆಳಗಿನವರು ತೋರಿಸಿದ ತಪ್ಪನ್ನು ಕೇಳಿಸಿಕೊಳ್ಳುವ ಕಿವಿಯೂ ಮುಖ್ಯಸ್ಥನಿಗಿರಬೇಕು.

"ಇಷ್ಟು ಸಡಿಲ ಬಿಟ್ಟರೆ ವ್ಯಾಪಾರ ಉಳಿದೀತೆ?" ಎಂದು ವರ್ತಕ ಬಂಧುಗಳು ಕೇಳಬಹುದು. ಕೆಲಸಗಾರರು ಸಡಿಲನ್ನು ಬೇಡುತ್ತಿಲ್ಲ. ಮೈಗಳ್ಳನನ್ನು ಸುಮ್ಮನೆ ಬಿಡುವ ಮುಖ್ಯಸ್ಥನನ್ನು ಅವರೂ ಮೆಚ್ಚರು; ಏಕೆಂದರೆ ಅವನು ಬಿಟ್ಟ ಭಾರ ಬೀಳುವುದು ದುಡಿಯುವವರ ಹೆಗಲ ಮೇಲೆ. ಹಬ್ಬದ ನೂಕುನುಗ್ಗಲಿನಲ್ಲಿ ತಾನೂ ಅಂಗಿಯ ತೋಳು ಮಡಿಸಿ ಸೀರೆ ಮಡಿಸಲು ನಿಲ್ಲುವವನ ಒಂದು ಮಾತಿಗೆ ಇರುವ ಬಲ, ದೂರದಲ್ಲಿ ಕೈಕಟ್ಟಿ ನಿಂತವನ ಹತ್ತು ಗದರಿಕೆಗಳಿಗೆ ಇಲ್ಲ. ಮೇಲಾಗಿ, ನುರಿತವರು ಬೇಸತ್ತು ಬಿಟ್ಟುಹೋದರೆ, ಗಿರಾಕಿಯ ಮನಸ್ಸರಿತು ಮಾಲು ತೋರಿಸುವ ಕಲೆಯೂ ಅವರೊಡನೆ ಹೋಗುತ್ತದೆ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ಕಲ್ಯಾಣದಲ್ಲಿ ಅಧಿಕಾರವೂ ಅವರದು, ಮಹಾಮನೆಯೂ ಅವರದು. ಆದರೂ ಅನುಭವಮಂಟಪದ ಶೂನ್ಯಸಿಂಹಾಸನವನ್ನು ಅಲ್ಲಮಪ್ರಭುಗಳಿಗೆ ಬಿಟ್ಟುಕೊಟ್ಟು, ತಾವು ಶರಣರ ಸೇವೆಗೆ ನಿಂತರೆಂದು ನಮ್ಮ ಪರಂಪರೆ ಸಾರುತ್ತದೆ. ಆಸನವನ್ನು ಬಿಟ್ಟುಕೊಡಬಲ್ಲವನೇ ಮುಂದಾಳು ಎಂಬ ಪಾಠ ಇದರಲ್ಲಿದೆ. ಆ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ನಮ್ಮ ಅಂಗಡಿಗಳಲ್ಲಿ, ದುಡಿಯುವ ಮಗಳೊಬ್ಬಳಿಗೆ ಒಂದು ಸ್ಟೂಲನ್ನು ಕೊಡಲಾಗದಿದ್ದರೆ, ಬಾಗಿಲ ಮೇಲಿನ ಬಸವಣ್ಣನವರ ಭಾವಚಿತ್ರಕ್ಕೆ ಹಾಕಿದ ಮಾಲೆ ಯಾರಿಗೆ ಸಲ್ಲುವುದು?

ಮಾಲೀಕ ಬಂಧುಗಳು ಮುಂದಿನ ಹಬ್ಬದೊಳಗೆ ತಮ್ಮ ಅಂಗಡಿಯಲ್ಲಿ ಕೂಡಲು ಆಸನಗಳಿವೆಯೇ, ಅವುಗಳ ಮೇಲೆ ಯಾರಾದರೂ ಕೂಡುತ್ತಿರುವರೇ ಎಂಬುದನ್ನು ಸ್ವತಃ ನೋಡಲಿ. ಕೊಳ್ಳಲು ಹೋಗುವ ತಾಯಂದಿರು, ಕುಳಿತವಳು ತಮ್ಮನ್ನು ಕಂಡು ಗಡಬಡಿಸಿ ಎದ್ದರೆ, "ಕೂಡವ್ವ, ಅವಸರವಿಲ್ಲ" ಎನ್ನಲಿ.